ಬೇಲಿ, ಮರ, ತಂತಿ

ಟಾಲ್ಬರ್ಟ್ ಕಾಲೇಜು, ಮಿಸಿಸಿಪ್ಪಿ
ಆಗಸ್ಟ್ 19, 1985

ಪ್ರೀತಿಯ ಅಕ್ಕ ಒಜೆಲ್ಲಾ,

ಈ ಹಾಳೆಯನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದಬೇಡ. ಅವಳಿಗೆಂದೇ ಬೇರೆ ಹಾಳೆ ಇಟ್ಟಿದ್ದೇನೆ. ಅದರಲ್ಲಿ ಊಟ ಚೆನ್ನಾಗಿದೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದೇನೆ ಎಂದು ಬರೆದಿದ್ದೇನೆ. ಎರಡರಲ್ಲಿ ಒಂದು ನಿಜ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹಾಸ್ಟೆಲ್ಲಿನ ಫೋನು ಇರುವುದು ಹಜಾರದಲ್ಲಿ, ಹಿಂದೆ ಹುಡುಗರ ಸಾಲು. ಈ ಮಾತನ್ನು ಅವರ ಕಿವಿಗೆ ಹಾಕಲಾರೆ.

ಫುಟ್ಬಾಲ್ ತಂಡದಲ್ಲಿ ಕೋಚ್ ಪ್ರೂಯಿಟ್ ನನ್ನ ಜಾಗ ಬದಲಿಸಿದ್ದಾರೆ. ಮೊನ್ನೆ ಅಭ್ಯಾಸ ಮುಗಿದ ಮೇಲೆ ಹೆಗಲ ಮೇಲೆ ಕೈ ಹಾಕಿ, "ಆಮೋಸ್, ನಿನ್ ಕಾಲು ಬಲು ಚುರುಕು ಕಣಪ್ಪ. ಅಂಚಿನಲ್ಲಿ ನಿಲ್ಲಿಸಿ ದಂಡ ಮಾಡ್ತಿದೀನಿ. ಈ ವರ್ಷ ನೀನು ಸಂದಿಯಲ್ಲಿ ಆಡ್ತೀಯ" ಎಂದರು. ಸರಿ ಸಾರ್ ಎಂದೆ. ಇನ್ನೇನು ಹೇಳಲಿ?

ನಿನಗೆ ನಾವಿಬ್ಬರೂ ಆಡುತ್ತಿದ್ದ ಹಿತ್ತಲ ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ಚೆಂಡು ಹಿಡಿಯುವವರಲ್ಲಿ ಇಲ್ಲಿ ಎಕ್ಸ್ ಎನ್ನುವವನು ನಮ್ಮ ಬೇಲಿ ಪಕ್ಕದವನು. ಎಲ್ಲರಿಂದ ದೂರ, ಒಬ್ಬನೇ, ಕಾಲ್ಬೆರಳನ್ನು ಆಟ ಶುರುವಾಗುವ ಗೆರೆಗೆ ತಾಗಿಸಿ ನಿಲ್ಲಬೇಕು. ನಡುವಿನವನ ಕೈಯಿಂದ ಚೆಂಡು ನೆಲ ಬಿಟ್ಟು ಏಳುವವರೆಗೆ ಅಲ್ಲಾಡುವಂತಿಲ್ಲ. ನಿಂತ ಮೇಲೆ ರೆಫ್ರಿಯ ಕಡೆ ಕೈ ಎತ್ತಿ 'ಗೆರೆ ಮೇಲಿದೀನಾ?' ಎಂದು ಕೇಳುತ್ತಾನೆ, ರೆಫ್ರಿ ಕೈ ಚಾಚಿ ಹೌದು ಎನ್ನುತ್ತಾನೆ. ಝಡ್ ಎನ್ನುವವನು ಪೀಕಾನ್ ಮರದ ಕಡೆಯವನು. ಅದು ಇನ್ನೊಂದು ಅಂಚು, ಗೆರೆಯಿಂದ ಒಂದು ಹೆಜ್ಜೆ ಹಿಂದೆ. ಬೇಕೆಂದರೆ ಅತ್ತಿಂದಿತ್ತ ಓಡಾಡಿ ಎದುರಾಳಿಯನ್ನು ಪೇಚಿಗೆ ಸಿಕ್ಕಿಸಬಹುದು. ಸಂದಿಯವನು ಬೇಲಿಯವನಿಗೂ ನಡುವಿನ ದಪ್ಪ ಹುಡುಗರಿಗೂ ಮಧ್ಯೆ ನಿಂತು, ಚೆಂಡು ಎದ್ದ ಕೂಡಲೇ ಮೈದಾನದ ನಟ್ಟನಡುವೆ ನುಗ್ಗಬೇಕು. ಅಂದರೆ ಅಮ್ಮನ ಬಟ್ಟೆ ತಂತಿಯ ಕಡೆಗೆ.

ಅಂಚಿನಲ್ಲಿ ಕೆಡವಲು ಬರುವವನ ಹೊಡೆತ ಒಂದೇ ಕಡೆಯಿಂದ ಬರುತ್ತದೆ, ಮೈದಾನದ ಪಕ್ಕದ ಗೆರೆಯಾಚೆ ಹಾರಿ ತಪ್ಪಿಸಿಕೊಳ್ಳಬಹುದು. ನಡುವೆ ಹಾಗಲ್ಲ. ಕಣ್ಣು ಚೆಂಡಿನ ಮೇಲಿರುತ್ತದೆ, ಬರುವವನು ಕಾಣುವುದೇ ಇಲ್ಲ, ಅವನ ಹೆಜ್ಜೆ ಸಪ್ಪಳ ಮಾತ್ರ ಕೇಳುತ್ತದೆ. ಹೋದ ವರ್ಷ ಅಲ್ಲಿ ಆಡುತ್ತಿದ್ದ ಹುಡುಗ ಈಗ ಕಾಲೇಜಿನಲ್ಲಿಲ್ಲ. ಎಲ್ಲಿ ಹೋದ ಎಂದು ಕೇಳಿದರೆ ಎಲ್ಲರೂ ಬೂಟಿನ ದಾರ ಕಟ್ಟತೊಡಗುತ್ತಾರೆ.

ನನಗೆ ಭಯವಾಗುತ್ತಿದೆ ಅಕ್ಕ. ನಿನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳುವುದಿಲ್ಲ.

ನಿನ್ನ
ಆಮೋಸ್


ಮಾರ್ಲೋ ಬೆಂಡ್
ಆಗಸ್ಟ್ 27, 1985

ಲೋ ಆಮೋಸ್,

ನಿನ್ನ ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನಿದೆ ಎಂದು ಆ ಮಹಾರಾಯ ನಿನ್ನನ್ನು ನಡುವೆ ನಿಲ್ಲಿಸಿದ? ನಿನಗಿಂತ ನಾನು ದಪ್ಪ ಇದ್ದೇನೆ, ನನ್ನನ್ನೇ ಕರೆಸಿಕೊಳ್ಳಲಿ. ಮೀನು ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಚಳಿಯಲ್ಲಿ ನಿಂತು ಮೀನು ಕೊಯ್ದು ಕೊಯ್ದು ನನ್ನ ತೋಳು ಒನಕೆಯಂತಾಗಿದೆ.

ನಗಿಸಲು ಬರೆದೆ. ನಗು ಬಂತೋ ಇಲ್ಲವೋ, ನನಗಂತೂ ಬರಲಿಲ್ಲ.

ತಂತಿ ಎಂದೆಯಲ್ಲ, ಆ ದಿನದ್ದು ನಿನಗೆ ನೆನಪಿರಲಾರದು. ನಿನಗಾಗ ಎಂಟು ವರ್ಷ. ಚರ್ಚಿನ ಹಾಡುಗಾರರ ಬಿಳಿ ನಿಲುವಂಗಿಗಳನ್ನೆಲ್ಲ ಅಮ್ಮ ಒಗೆದು ಹರವಿದ್ದಳು. ಒದ್ದೆ ಬಟ್ಟೆಯ ಭಾರಕ್ಕೆ ತಂತಿ ಜೋತುಬಿದ್ದಿತ್ತು. ನಾನು ಎಸೆದ ಚೆಂಡನ್ನು ಹಿಂತಿರುಗಿ ನೋಡುತ್ತ ಓಡಿದ ನೀನು ಹಣೆಗೆ ತಂತಿ ಬಡಿದು ಅಂಗಾತ ಬಿದ್ದೆ. ಎದ್ದೆ. ಅಳಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ನೀನು ನೆಟ್ಟಗೆ ಬೇಲಿಯ ಹತ್ತಿರ ಹೋಗಿ, ಕಾಲ್ಬೆರಳು ಗೆರೆಗೆ ಇಟ್ಟು, ಕೈ ಎತ್ತಿ, "ಅಕ್ಕ, ಗೆರೆ ಮೇಲಿದೀನಾ?" ಎಂದು ಕೇಳಿದೆ. ಆಟ ಎಲ್ಲಿತ್ತು? ಚೆಂಡು ಕೋಳಿಗೂಡಿನ ಹಿಂದೆ ಬಿದ್ದಿತ್ತು. ಇದ್ದೀಯ ಬಾರೋ ಎಂದರೂ ಮತ್ತೆ ಅದೇ ಪ್ರಶ್ನೆ. ಕೊನೆಗೆ ನಾನು ದಿನಾ ಆಟ ಮುಗಿಸುವಾಗ ಹೇಳುತ್ತಿದ್ದ ಮಾತು ಹೇಳಿದೆ, "ಕತ್ತಲಾಯ್ತು, ಮನೆಗೆ ನಡಿ." ಆಗ ನೀನು ಒಳಗೆ ಬಂದೆ. ನಡುಮಧ್ಯಾಹ್ನವಾಗಿತ್ತು ಆಮೋಸ್.

ಅಂದಿನಿಂದ ಬೇಲಿ ಕಡೆ, ಮರದ ಕಡೆ, ಎರಡೇ. ತಂತಿಯ ಕಡೆ ನಾನು ಮತ್ತೆ ಎಸೆಯಲಿಲ್ಲ.

ಅಮ್ಮ ನಿನ್ನ ಆಟವಿದ್ದ ಶನಿವಾರ ರೇಡಿಯೋ ಹಾಕಿ ಸದ್ದು ಪೂರ್ತಿ ಇಳಿಸಿ ಕೂರುತ್ತಾಳೆ. "ಕೇಳ್ದೇ ಇದ್ರೆ ಯಾಕಮ್ಮ ಹಾಕೋದು?" ಎಂದರೆ, "ಅದರ ದೀಪ ಉರೀತಿದ್ರೆ ಸಾಕು, ಅವನು ಆಡ್ತಿದಾನೆ ಅಂತ ಗೊತ್ತಾಗತ್ತೆ" ಎನ್ನುತ್ತಾಳೆ. ಅವಳಿಗೆ ನಾನು ಏನೂ ಹೇಳುವುದಿಲ್ಲ. ಆದರೆ ನನಗೆ ನೀನು ಒಂದು ಮಾತು ಕೊಡಬೇಕು. ತಲೆಗೆ ಪೆಟ್ಟು ಬಿದ್ದರೆ ಇದ್ದದ್ದು ಇದ್ದಂತೆ ಬರೆಯಬೇಕು. ಊಟ ಚೆನ್ನಾಗಿದೆ ಎಂಬ ಹಾಳೆ ನನಗೆ ಬೇಡ.

ಅಕ್ಕ


ಟಾಲ್ಬರ್ಟ್ ಕಾಲೇಜು
ಸೆಪ್ಟೆಂಬರ್ 16, 1985

ಅಕ್ಕ,

ಮಾತು ಕೊಟ್ಟಿದ್ದೇನೆ, ಬರೆಯುತ್ತೇನೆ. ಪೆಟ್ಟೇನೂ ಬಿದ್ದಿಲ್ಲ. ಮರ್ಯಾದೆ ಬಿದ್ದಿದೆ.

ಶನಿವಾರದ ಆಟದಲ್ಲಿ ವೆಂಡೆಲ್ (ನಮ್ಮ ಚೆಂಡು ಎಸೆಯುವವನು, ಒಳ್ಳೆಯ ಹುಡುಗ) ನನ್ನ ಕೈಗೆ ಕೊಟ್ಟ ಹಾಗೆ ಎಸೆದ. ನಡುವೆ ಒಬ್ಬನೇ ಇದ್ದೆ. ಕೈ ಚಾಚಿದೆ. ಅಷ್ಟರಲ್ಲಿ ಹೆಜ್ಜೆ ಕೇಳಿಸಿತು. ನಾನು ಎಳೆದುಕೊಳ್ಳಲಿಲ್ಲ, ಕೈಗಳೇ ಹಿಂದೆ ಬಂದವು. ಚೆಂಡು ನೆಲಕ್ಕೆ ಬಿತ್ತು. ತಿರುಗಿ ನೋಡಿದರೆ ಬರುತ್ತಿದ್ದವನು ಇನ್ನೂ ಮೂರು ಮಾರು ದೂರದಲ್ಲಿದ್ದ.

ಇಂಥವನನ್ನು ಇಲ್ಲಿ 'ಮೊಸಳೆ ಕೈ' ಎಂದು ಕರೆಯುತ್ತಾರೆ, ಉದ್ದ ಚಾಚಲಾಗದ ಮೋಟು ಕೈ. ಮಾರನೆಯ ದಿನ ನನ್ನ ಬೀರುವಿಗೆ ಯಾರೋ ರಬ್ಬರಿನ ಮೊಸಳೆ ಮರಿಯೊಂದನ್ನು ನೇತುಹಾಕಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಹಳೆಯ ಜಾಗದಲ್ಲಿ, ಬೇಲಿ ಪಕ್ಕದಲ್ಲಿ, ಈಗ ಹಾಲಿಸ್ ಎಂಬ ಹೊಸ ಹುಡುಗ ಆಡುತ್ತಿದ್ದಾನೆ. ಅವನು ಮಾತ್ರ ನಗಲಿಲ್ಲ. ತನ್ನನ್ನೂ ಒಂದು ದಿನ ಅಂಚಿನಿಂದ ಒಳಗೆ, ಸಂದಿಗೆ ತರುತ್ತಾರೆಂದು ಅವನಿಗೆ ಗೊತ್ತು.

ಕೋಚ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೆಜ್ಜೆ ಕೇಳಿಸ್ಕೊಳ್ಳೋನಿಗೆ ನನ್ ಹತ್ರ ಜಾಗ ಇಲ್ಲ ಆಮೋಸ್. ಜಾಗ ಇಲ್ದೋನಿಗೆ ಮುಂದಿನ ವರ್ಷ ಕಾಲೇಜು ಊಟ, ಹಾಸಿಗೆ, ಪುಸ್ತಕ ಯಾವ್ದೂ ಕೊಡಲ್ಲ. ನಾನು ಮಾಡಿದ ನಿಯಮ ಅಲ್ಲ ಅದು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗಾಗಿ ಅವರಿಗೇ ಬೇಜಾರಾದ ಹಾಗಿತ್ತು.

ಈಗ ನನಗೆ ಎರಡು ಭಯ. ಹೊಡೆತದ್ದು ಒಂದು, ಹೊಡೆತಕ್ಕೆ ಹೆದರುತ್ತೇನೆಂದು ಎಲ್ಲರಿಗೂ ಗೊತ್ತಾಗಿರುವುದು ಇನ್ನೊಂದು. ಯಾವುದು ದೊಡ್ಡದು ಎಂದು ರಾತ್ರಿಯಿಡೀ ತೂಗಿ ನೋಡುತ್ತೇನೆ.

ಆಮೋಸ್


ಮಾರ್ಲೋ ಬೆಂಡ್
ಸೆಪ್ಟೆಂಬರ್ 23, 1985

ಆಮೋಸ್,

ಆ ಮೊಸಳೆ ನೇತುಹಾಕಿದವನ ಹೆಸರು ಕಳಿಸು. ನನ್ನ ಚಾಕು ಹರಿತವಾಗಿದೆ.

ಬಿಟ್ಟು ಬಾ ಎಂದು ಬರೆದು, ಆ ಹಾಳೆ ಹರಿದುಹಾಕಿ, ಇದನ್ನು ಬರೆಯುತ್ತಿದ್ದೇನೆ. ಬಿಟ್ಟು ಬಂದು ಏನು ಮಾಡುತ್ತೀಯ? ನನ್ನ ಪಕ್ಕ ನಿಂತು ಮೀನು ಕೊಯ್ಯುತ್ತೀಯ? ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲೇ ಇರು ಎನ್ನಲೂ ಬಾಯಿ ಬರುವುದಿಲ್ಲ. ಅಕ್ಕ ಅನ್ನಿಸಿಕೊಂಡೂ ಇಷ್ಟಕ್ಕೂ ಉಪಯೋಗವಿಲ್ಲದವಳು ನೋಡು ನಾನು.

ಕೋಚನ್ನು ಕೇಳು, ಮರದ ಕಡೆಯ ಜಾಗವಾದರೂ ಕೊಡಬಹುದಲ್ಲ? ಒಂದು ಹೆಜ್ಜೆ ಹಿಂದೆ ನಿಂತರೆ ಓಡಿಬರಲು ನಿನಗೂ ಪುರುಸೊತ್ತು ಸಿಗುತ್ತದೆ. ಕೇಳಿದರೆ ಬಾಯೇನೂ ಸವೆಯುವುದಿಲ್ಲ.

ಅಮ್ಮ ಸಿಹಿಗೆಣಸಿನ ಪೈ ಕಳಿಸುತ್ತಿದ್ದಾಳೆ. ಅರ್ಧ ಒಡೆದು ಬಂದರೆ ಅಂಚೆಯವರನ್ನು ಬೈ, ನನ್ನನ್ನಲ್ಲ.

ಅಕ್ಕ


ಟಾಲ್ಬರ್ಟ್ ಕಾಲೇಜು
ಅಕ್ಟೋಬರ್ 7, 1985

ಅಕ್ಕ,

ಮೊಸಳೆಯನ್ನು ತೆಗೆದರು. ವೆಂಡೆಲನೇ ಕತ್ತರಿಯಿಂದ ದಾರ ಕತ್ತರಿಸಿ, "ಇವತ್ತಿಂದ ಇದಕ್ಕೆ ಮನೆ ಇಲ್ಲ" ಎಂದ. ಊಟದಲ್ಲಿ ದಪ್ಪ ಹುಡುಗರೆಲ್ಲ ತಮ್ಮ ತಟ್ಟೆಯ ಮಾಂಸ ನನಗೆ ಹಾಕಿದರು. ಶನಿವಾರದ ಆಟದಲ್ಲಿ ನಾನು ಚೆಂಡು ಹಿಡಿದೆ, ಅಕ್ಕ. ನಟ್ಟನಡುವೆ, ಎರಡೂ ಕೈ ಚಾಚಿ. ಹೆಜ್ಜೆ ಕೇಳಿಸಿತು, ಕೈ ಹಿಂದೆ ಬರಲಿಲ್ಲ.

ಮುಂದಿನದ್ದೂ ಬರೆಯಬೇಕಲ್ಲ.

ಹೊಡೆತ ಗೊತ್ತೇ ಆಗಲಿಲ್ಲ. ಎಲ್ಲ ಬೆಳ್ಳಗಾಯಿತು, ಹರವಿದ ನಿಲುವಂಗಿಯೊಳಗೆ ಮುಖ ಹೋದ ಹಾಗೆ. ಆಮೇಲೆ ನಮ್ಮ ತಂಡದ ಶುಶ್ರೂಷೆ ನೋಡುವ ಮುದುಕಪ್ಪ, ಎಚ್ಚರ ಬರಿಸುವ ಘಾಟಿನ ಸೀಸೆಯನ್ನು ಮೂಗಿಗೆ ಹಿಡಿದು, ಬೆರಳು ತೋರಿಸಿ, ಎಷ್ಟು ಎಂದು ಕೇಳುತ್ತಿದ್ದ. ಅವನು ಯಾವಾಗಲೂ ಎರಡೇ ಬೆರಳು ತೋರಿಸುವುದು, ತಂಡದಲ್ಲಿ ಎಲ್ಲರಿಗೂ ಗೊತ್ತು. ಮೊದಲ ವಾರವೇ ಹಿರಿಯ ಹುಡುಗರು ಹೇಳಿಕೊಡುತ್ತಾರೆ: ಏನು ಕಂಡರೂ ಎರಡು ಅನ್ನು. ಎರಡು ಎಂದೆ. ಬೆನ್ನು ತಟ್ಟಿ ಮತ್ತೆ ಒಳಗೆ ಕಳಿಸಿದ. ನನಗೆ ಅವನ ಕೈಯೇ ಸರಿಯಾಗಿ ಕಾಣುತ್ತಿರಲಿಲ್ಲ.

ಗೆದ್ದೆವು ಎಂದು ನನಗೆ ತಿಳಿದದ್ದು ಸ್ನಾನದ ಮನೆಯಲ್ಲಿ, ಪಕ್ಕದವನು ಹಾಡುತ್ತಿದ್ದುದನ್ನು ಕೇಳಿ. ಈಗ ಚೆನ್ನಾಗಿದ್ದೇನೆ. ಬೆಳಕು ಸ್ವಲ್ಪ ಚುಚ್ಚುತ್ತದೆ, ಅಷ್ಟೇ. ಯಾರಿಗೂ ಹೇಳಬೇಡ. ನಿನಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ, ನೀನೂ ಉಳಿಸಿಕೋ.

ಆಮೋಸ್


ಮಾರ್ಲೋ ಬೆಂಡ್
ಅಕ್ಟೋಬರ್ 11, 1985

ಆಮೋಸ್,

ನಾನು ಮಾತು ಕೊಟ್ಟಿರಲಿಲ್ಲ, ಕೇಳಿದ್ದೆ ಅಷ್ಟೇ. ಚೆನ್ನಾಗಿ ನೆನಪಿಟ್ಟುಕೋ, ನೆನಪು ಎಂಬುದು ಇನ್ನೂ ಉಳಿದಿದ್ದರೆ.

ಕಾರ್ಖಾನೆಯ ಫೋನಿನಿಂದ ನಿನ್ನೆ ನಿನ್ನ ಹಾಸ್ಟೆಲ್ಲಿಗೆ ಮಾಡಿದೆ. ಯಾರೋ ಎತ್ತಿ, "ಆಮೋಸ್ ಮಲಗಿದಾನೆ, ಈಗೀಗ ಯಾವಾಗ್ಲೂ ಮಲಗಿರ್ತಾನೆ" ಎಂದು ನಗುತ್ತ ಹೇಳಿದ. ಸಂಜೆ ನಾಲ್ಕು ಗಂಟೆ ಆಗ. ಕೋಚ್ ಅವರ ಕಚೇರಿಗೂ ಮಾಡಿದೆ. "ನಮ್ಮ ಮುದುಕಪ್ಪ ನೋಡಿದಾನೆ ತಾಯಿ, ಹುಡುಗ ಎಲ್ಲಾ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟ" ಎಂದರು. ಒಂದೇ ಪ್ರಶ್ನೆ, ಒಂದೇ ಉತ್ತರ, ಇಡೀ ತಂಡಕ್ಕೆ ಬಾಯಿಪಾಠ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನಿನ್ನ ಜಾಗ ಹೋಗುತ್ತದೆ ಎಂದು ಮುಚ್ಚಿಕೊಂಡೆ.

ಇಪ್ಪತ್ತಾರಕ್ಕೆ ನಿಮ್ಮ ದೊಡ್ಡ ಆಟಕ್ಕೆ ನಮ್ಮ ಚರ್ಚಿನ ಬಸ್ಸು ಬರುತ್ತಿದೆ. ನಾನೂ ಬರುತ್ತೇನೆ. ಅದಕ್ಕೆ ಮುಂಚೆ ನನಗೆ ಒಂದು ಸಾಲು ಬರೆ. ಚೆನ್ನಾಗಿದ್ದೇನೆ ಎಂದಲ್ಲ, ಏನಾದರೂ ಬರೆ.

ಅಕ್ಕ


ಮಾರ್ಲೋ ಬೆಂಡ್
ಅಕ್ಟೋಬರ್ 30, 1985

ಮರಿ ಆಮೋಸ್,

ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು, "ಏನಾಯ್ತು ಅಂತ ಬರೆದು ಕಳಿಸು, ಕೇಳಿದ್ದು ಮರೆತುಹೋಗತ್ತೆ, ಕಾಗದವಾದ್ರೆ ಮತ್ತೆ ಓದ್ಬಹುದು" ಎಂದೆ. ಅದಕ್ಕೇ ಬರೆಯುತ್ತಿದ್ದೇನೆ. ನರ್ಸಮ್ಮ ಓದಿ ಹೇಳುತ್ತಿದ್ದರೆ, ಅಮ್ಮಾ, ನಿಧಾನವಾಗಿ ಓದಿ.

ನಮ್ಮ ಬಸ್ಸು ತಡವಾಗಿ ಬಂತು. ಒಳ್ಳೆಯ ಜಾಗಗಳೆಲ್ಲ ತುಂಬಿ, ನಮಗೆ ಸಿಕ್ಕಿದ್ದು ಮೈದಾನದ ಆಚೆ ಬದಿ, ಕೆಳಗಿನ ಸಾಲು, ತಂತಿಬೇಲಿಗೆ ಒತ್ತಿಕೊಂಡು. ನಿಮ್ಮ ಕೋಚು, ನಿಮ್ಮ ಬೆಂಚು ಎಲ್ಲ ಎದುರು ಬದಿಗೆ. ಬ್ಯಾಂಡಿನವರು ಕೆಂಪು ಟೋಪಿ ಹಾಕಿ ಹೋಗುತ್ತಿದ್ದರು, ಪಕ್ಕದಲ್ಲಿ ಯಾರೋ ಹುರಿದ ಮೀನು ತಿನ್ನುತ್ತಿದ್ದರು. ನಾನು ನಿನ್ನನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ಅರ್ಧ ಆಟ ಕಳೆದ ಮೇಲೆ ವೆಂಡೆಲ್ ಎಸೆದ ಚೆಂಡು ಎತ್ತರಕ್ಕೆ ಹೋಯಿತು. ನೀನು ಎರಡೂ ಕೈಗಳನ್ನು ಪೂರ್ತಿ ಚಾಚಿದೆ. ಒಂದಿಷ್ಟೂ ಹಿಂದಕ್ಕೆ ತರಲಿಲ್ಲ, ಇದನ್ನು ನೀನು ತಿಳಿದಿರಬೇಕು. ಆಗ ಇಬ್ಬರು ಬಂದರು. ಆ ಸದ್ದು ನಮ್ಮ ಸಾಲಿನವರೆಗೆ ಕೇಳಿಸಿತು. ಚೆಂಡು ಎಲ್ಲಿಗೋ ಹೋಯಿತು, ನೀನು ಬಿದ್ದೆ, ಎದ್ದೆ. ಜನ ಚಪ್ಪಾಳೆ ತಟ್ಟಿದರು. ಎದ್ದನಲ್ಲ ಸದ್ಯ ಎಂದು ನಾನೂ ತಟ್ಟಿದೆ.

ಆಮೇಲೆ ನೀನು ಸಂದಿಗೆ ಹೋಗಲಿಲ್ಲ. ಎಲ್ಲರನ್ನೂ ದಾಟಿ, ನೆಟ್ಟಗೆ ನಮ್ಮ ಬದಿಯ ಅಂಚಿಗೆ ನಡೆದು ಬಂದೆ. ಅಲ್ಲಿ ಹಾಲಿಸ್ ನಿಂತಿದ್ದ. ಅವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಂತು, ಕಾಲ್ಬೆರಳನ್ನು ಗೆರೆಗೆ ಇಟ್ಟು, ರೆಫ್ರಿಗೆ ಕೈ ಎತ್ತಿದೆ. ಆ ಪುಣ್ಯಾತ್ಮ ಅಭ್ಯಾಸಬಲದಿಂದ ಕೈ ಚಾಚಿ, ಹೌದು, ಗೆರೆ ಮೇಲಿದ್ದೀಯ ಎಂದ. ಹಾಲಿಸ್ ನಿನ್ನನ್ನು ತಳ್ಳಿ, "ಏಯ್, ನಿನ್ ಜಾಗ ಒಳಗೆ ಕಣೋ! ಹೋಗೋ!" ಎಂದು ಕೂಗುತ್ತಿದ್ದ. ಅಷ್ಟರಲ್ಲಿ ಚೆಂಡು ಎದ್ದಿತು, ರೆಫ್ರಿ ಎಸೆದ ಹಳದಿ ಬಟ್ಟೆ ನೆಲಕ್ಕೆ ಬಿತ್ತು, ತಪ್ಪು ಜಾಗದಲ್ಲಿ ನಿಂತದ್ದಕ್ಕೆ ದಂಡ. ನೀನು ಕದಲಲೇ ಇಲ್ಲ.

ಇಡೀ ಮೈದಾನ ನಕ್ಕಿತು. ನನ್ನ ಹಿಂದಿನವನು, "ಎರಡು ವರ್ಷದಿಂದ ಆಡ್ತಿದಾನೆ, ಇನ್ನೂ ಎಲ್ಲಿ ನಿಲ್ಬೇಕು ಅಂತ ಗೊತ್ತಿಲ್ಲ!" ಎಂದ. ಉಳಿದವರು ನಡುವೆ ಗುಂಪುಗೂಡಿದರು, ಹಾಲಿಸ್ ಕೂಡ ಓಡಿದ. ನೀನೊಬ್ಬನೇ ಅಲ್ಲಿ ನಿಂತು ಮತ್ತೆ ಕೈ ಎತ್ತಿದೆ. ಎಂಟು ವರ್ಷದ ನೀನು ನಮ್ಮ ಬೇಲಿಯ ಹತ್ತಿರ ನಿಂತಿದ್ದೆಯಲ್ಲ, ಅದೇ ಕೈ. ನಾನು ದಡಕ್ಕನೆ ಎದ್ದೆ. ಎದುರಿನ ತಂತಿಬೇಲಿ ಹಿಡಿದು, "ಅವನಿಗೆ ಏನೋ ಆಗಿದೆ, ಯಾರಾದ್ರೂ ಬನ್ರೋ" ಎಂದು ಕಿರುಚಿದೆ. ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ರೆಫ್ರಿ ಸೀಟಿ ಬಾಯಿಗಿಟ್ಟ. ಇನ್ನೊಂದು ಸಲ ಚೆಂಡು ಎದ್ದರೆ ನೀನು ಎತ್ತ ಓಡುತ್ತೀಯೋ, ಯಾರು ಬಂದು ಹೊಡೆಯುತ್ತಾರೋ ಎನ್ನಿಸಿತು.

ಆಗ ಬೇರೇನೂ ತೋಚಲಿಲ್ಲ ಮರಿ. ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ದನಿಯಲ್ಲಿ ಕೂಗಿದೆ, "ಆಮೋಸ್! ಕತ್ತಲಾಯ್ತು, ಮನೆಗೆ ನಡಿ!"

ನೀನು ತಿರುಗಿದೆ. ಸುಡು ಬಿಸಿಲು, ಆಟ ನಡೆಯುತ್ತಿದೆ, ಸಾವಿರಾರು ಜನ ನೋಡುತ್ತಿದ್ದಾರೆ. ನೀನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯವರೆಗೆ ನಡೆದುಬಂದು, "ಅಕ್ಕ, ಇನ್ನೊಂದೇ ಒಂದು ಸಲ ಎಸಿ" ಎಂದೆ.

"ಬೇಡ ಮರಿ, ಏನೂ ಕಾಣಲ್ಲ ಈಗ. ಬಾ" ಎಂದೆ.

ನೀನು ಆಕಾಶ ನೋಡಿ, "ಹೌದಲ್ವಾ" ಎಂದೆ.

ನಾನು ಬೇಲಿ ಹೇಗೆ ಹತ್ತಿದೆನೋ ಗೊತ್ತಿಲ್ಲ, ಅಂಗೈ ಇನ್ನೂ ಉರಿಯುತ್ತಿದೆ. ಆಚೆ ಇಳಿದು ನಿನ್ನನ್ನು ಮಲಗಿಸಿ ತಲೆಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಆಚೆ ಬದಿಯಿಂದ ಮುದುಕಪ್ಪ ಏದುಸಿರು ಬಿಡುತ್ತ ಓಡಿಬಂದ, ಹಿಂದೆ ಕೋಚ್ ಪ್ರೂಯಿಟ್. ಮುದುಕಪ್ಪ ಮಂಡಿಯೂರಿ, "ಆಮೋಸ್, ಇಲ್ಲಿ ನೋಡಪ್ಪ" ಎಂದ. ಅವನ ಕೈ ಇನ್ನೂ ಜೇಬಿನಲ್ಲಿ ಸೀಸೆ ಹುಡುಕುತ್ತಿತ್ತು.

ನೀನು, "ಎರಡು" ಎಂದೆ.

ಕೋಚ್ ಆ ಜೇಬನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಟೋಪಿ ತೆಗೆದು ಬಿಸಿಲು ಬೀಳದಂತೆ ನಿನ್ನ ಮುಖಕ್ಕೆ ಹಿಡಿದರು. ಆಂಬುಲೆನ್ಸ್ ಬರುವವರೆಗೂ ಹಿಡಿದೇ ಇದ್ದರು. ಅವರನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. ಟೋಪಿ ಸ್ವಲ್ಪ ಈಚೆಗೆ ಹಿಡೀರಿ ಎಂದಷ್ಟೇ ಹೇಳಿದೆ.

ನಡೆದದ್ದು ಇಷ್ಟು. ಇದರಲ್ಲಿ ನಿನ್ನ ತಪ್ಪು ಒಂದೂ ಇಲ್ಲ. ಮತ್ತೆ ಓದು.

ನಿನ್ನ ಅಕ್ಕ


ಟಾಲ್ಬರ್ಟ್
ನವೆಂಬರ್ 12, 1985

ಅಕ್ಕ,

ನಿನ್ನ ಕಾಗದ ದಿನಾ ಓದುತ್ತೇನೆ. ಯಾರೋ ಬೇರೆ ಹುಡುಗನ ಕತೆ ಓದಿದ ಹಾಗಿರುತ್ತದೆ. ನನಗೆ ಉಳಿದಿರುವುದು ಒಂದೇ: ನೀನು ಕರೆದೆ, ಕತ್ತಲಾಗಿತ್ತು.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕಿಟಕಿಗೆ ಕಂಬಳಿ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಅಮ್ಮ ಆ ಬಟ್ಟೆ ತಂತಿಯನ್ನು ತೆಗೆಸಿದಳಾ?

ಕೋಚ್ ನಿನ್ನೆ ಬಂದಿದ್ದರು. ಮುದುಕಪ್ಪ ಈಗ ಬೆರಳು ತೋರಿಸುವುದಿಲ್ಲವಂತೆ. ಬಿದ್ದವನನ್ನು ಆ ದಿನ ಮತ್ತೆ ಒಳಗೆ ಬಿಡಕೂಡದೆಂದು ಕೋಚೇ ಹೇಳಿದ್ದಾರಂತೆ. ಆಮೇಲೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ನೋಡಪ್ಪ, ಚಳಿಗಾಲ ಕಳೀಲಿ. ನಿನ್ ಹಳೇ ಜಾಗ ಕೊಡ್ತೀನಿ, ಬೇಲಿ ಪಕ್ಕದ್ದು. ಒಳಗೆ ತರೋದಿಲ್ಲ" ಎಂದರು. ಬೇಲಿ ಎಂಬ ಮಾತು ಅವರಿಗೆ ಹೇಗೆ ಗೊತ್ತಾಯಿತೋ. ನಿದ್ದೆಯಲ್ಲಿ ನಾನೇ ಹೇಳಿರಬೇಕು.

ಎಷ್ಟು ಆಸೆಯಾಯಿತು ಗೊತ್ತಾ? ಕಾಲ್ಬೆರಳು ಗೆರೆಯ ಮೇಲೆ, ಒಬ್ಬನೇ, ಪಕ್ಕದಲ್ಲಿ ಬೇಲಿ. ಹೂಂ ಎನ್ನಲು ಬಾಯಿ ತೆರೆದೆ. "ಸಾರ್, ನನಗೆ ಹೆದರಿಕೆ" ಎಂದು ಬಂತು. ಜೋರಾಗಿ, ಬಾಗಿಲು ತೆರೆದಿದ್ದಾಗ, ಹಜಾರದಲ್ಲಿ ಹುಡುಗರಿದ್ದಾಗ. ಯಾರೂ ನಗಲಿಲ್ಲ. ಹಾಲಿಸ್ ಬಾಗಿಲವರೆಗೆ ಬಂದು ನಿಂತ. ಕೋಚ್ "ಸರಿ ಮಗಾ" ಎಂದು ಎದ್ದು ಹೋದರು. ಈ ವರ್ಷದ ಓದು ಮುಗಿಯುವವರೆಗೆ ಹಾಸಿಗೆ ಇರುತ್ತದೆ, ಮುಂದಿನದ್ದು ಗೊತ್ತಿಲ್ಲ. ಪುಟ ಓದುತ್ತೇನೆ, ತಿರುಗಿಸುವಷ್ಟರಲ್ಲಿ ಅದು ಹೋಗಿರುತ್ತದೆ. ನೆನಪು ಮತ್ತೆ ಬರುತ್ತದೆ ಎನ್ನುತ್ತಾರೆ ಡಾಕ್ಟರು. ಯಾವಾಗ ಎಂದರೆ ಬೇರೆ ಮಾತು ತೆಗೆಯುತ್ತಾರೆ.

ಈ ತಿಂಗಳ ಕೊನೆಯ ಹಬ್ಬದ ಹಿಂದಿನ ಬುಧವಾರದ ಬಸ್ಸಿಗೆ ಊರಿಗೆ ಬರುತ್ತೇನೆ. ವೆಂಡೆಲ್ ಹತ್ತಿಸುತ್ತಾನೆ. ಇಳಿಯುವ ಊರಿನ ಹೆಸರು ಅಂಗಿಯ ಜೇಬಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ನಗಬೇಡ.

ಒಂದು ಕೇಳಬೇಕೆಂದಿದ್ದೆ. ಅಮ್ಮ ಆ ಬಟ್ಟೆ ತಂತಿಯನ್ನು ತೆಗೆಸಿದಳಾ?

ನಿನ್ನ
ಆಮೋಸ್


ಮಾರ್ಲೋ ಬೆಂಡ್
ನವೆಂಬರ್ 18, 1985

ಮರಿ,

ತಂತಿ ತೆಗೆದಾಯಿತು. ನಾನೇ ತೆಗೆದೆ, ಕಾರ್ಖಾನೆಯಿಂದ ಇಕ್ಕುಳ ತಂದು. ಅಮ್ಮ ಹಾಡುಗಾರರ ನಿಲುವಂಗಿಗಳನ್ನು ಈಗ ಬೇಲಿಯ ಮೇಲೆ ಹರವುತ್ತಾಳೆ. ಮುಳ್ಳಿಗೆ ಸಿಕ್ಕಿ ಹರಿದರೆ ಹೊಲಿಯುತ್ತಾಳೆ. ರೇಡಿಯೋವನ್ನು ಕಪಾಟಿನ ಮೇಲೆ ಮುಖ ಗೋಡೆಗೆ ಮಾಡಿ ಇಟ್ಟಿದ್ದಾಳೆ.

ಜೇಬಿನ ಚೀಟಿಗೆ ನಾನು ನಗಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸು: ಅಕ್ಕ ಬಸ್ಸಿನ ಬಾಗಿಲಲ್ಲೇ ನಿಂತಿರುತ್ತಾಳೆ. ನೀನು ಇಳಿಯುವುದನ್ನು ಮರೆತರೆ ಬಸ್ಸು ಹತ್ತಿ ಇಳಿಸಿಕೊಳ್ಳುತ್ತೇನೆ, ಬೇಲಿ ಹತ್ತಿದವಳಿಗೆ ಬಸ್ಸು ಯಾವ ಮಹಾ.

ಹೆದರಿಕೆ ಎಂದು ಜೋರಾಗಿ ಹೇಳಿದೆಯಲ್ಲ, ಅದನ್ನು ಓದಿ ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ. ನನಗೂ ಹೆದರಿಕೆ ಮರಿ. ನಿನ್ನ ಕಾಗದದಲ್ಲಿ ತಂತಿಯ ಮಾತನ್ನು ನೀನು ಎರಡು ಸಲ ಕೇಳಿದ್ದೀಯ. ಮೊದಲ ಸಲ ಕೇಳಿದ್ದು ನಿನಗೆ ಗೊತ್ತಿಲ್ಲ. ಅಮ್ಮನಿಗೆ ಓದುವಾಗ ಒಂದನ್ನು ಬಿಟ್ಟು ಓದಿದೆ.

ಕೇಳು, ಎಷ್ಟು ಸಲ ಬೇಕಾದರೂ ಕೇಳು. ಬಸ್ಸಿನಿಂದ ಇಳಿದ ಕೂಡಲೇ ಕೇಳು, ಊಟಕ್ಕೆ ಕೂತಾಗ ಕೇಳು. ಹೌದು ಮರಿ, ತಂತಿ ತೆಗೆದಾಯಿತು.

ನಿನ್ನ ಅಕ್ಕ
ಒಜೆಲ್ಲಾ